ನೊರೆ ಡ್ರಮ್ಮಿನ ಲೇಬಲ್ ಓದಿದ್ದೀರಾ?

ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ. ಕಾರ್ಖಾನೆ ಅಂಗಳದ ಕಬ್ಬಿಣದ ಟ್ರೇಗೆ ಡೀಸೆಲ್ ಸುರಿದು ಬೆಂಕಿ ಹಚ್ಚಿ, ನೊರೆ ಬಿಟ್ಟು ಆರಿಸಿ ತೋರಿಸುವುದು ವಾಡಿಕೆ. ಚಪ್ಪಾಳೆ ಮುಗಿದ ಮೇಲೆ ಯಾರೋ ಪೈಪು ಹಿಡಿದು ಅಂಗಳ ತೊಳೆಯುತ್ತಾರೆ; ಬಿಳಿ ನೊರೆ ಮಳೆನೀರಿನ ಚರಂಡಿಗೆ ಇಳಿಯುತ್ತದೆ. ನಂಜನಗೂಡಿನಲ್ಲಿ ಇಳಿಜಾರು ಹಿಡಿದ ನೀರು ಹೋಗುವುದು ಕಪಿಲೆಗೆ. ಆ ಕಪಿಲೆಯೇ ತಿ. ನರಸೀಪುರದ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತಾಳೆ.

ಎಣ್ಣೆ ಬೆಂಕಿಗೆ ಬಳಸುವ 'ಎಎಫ್‌ಎಫ್‌ಎಫ್' ನೊರೆಯಲ್ಲಿ ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳಿವೆ. ಪೆಟ್ರೋಲಿನ ಮೇಲೆ ತೆಳು ಪದರ ಹರಡಿ ಬೆಂಕಿ ಕೊಲ್ಲುವುದು ಅವುಗಳ ಗುಣ. ಮಣ್ಣು, ನೀರಿನಲ್ಲಿ ಒಡೆದುಹೋಗದೆ ಉಳಿಯುವುದು ಅವುಗಳ ದೋಷ. ಕುದಿಸಿದರೂ ಹೋಗವು, ಸಾಮಾನ್ಯ ತ್ಯಾಜ್ಯನೀರು ಶುದ್ಧೀಕರಣ ಘಟಕಕ್ಕೂ (ಇಟಿಪಿ) ಬಗ್ಗವು. ಇವುಗಳಲ್ಲಿ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ, ಸುಲಭವಾಗಿ ಅಳಿಯದ ಮಾಲಿನ್ಯಕಾರಕಗಳ ನಿಯಂತ್ರಣಕ್ಕಿರುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದವು. ಭಾರತ 2006ರಿಂದ ಈ ಒಪ್ಪಂದದಲ್ಲಿದೆ. ಆದರೆ ಪಟ್ಟಿಗೆ ಹೊಸದಾಗಿ ಸೇರಿದ ರಾಸಾಯನಿಕವನ್ನು ನಮ್ಮ ಸರ್ಕಾರ ಪ್ರತ್ಯೇಕವಾಗಿ ಒಪ್ಪಬೇಕು. ಆ ಒಪ್ಪಿಗೆಗೆ ಕಾಯುತ್ತ ಕೂರಬೇಡಿ. ರಫ್ತು ಮಾಡುವವರಿಗೆ ಈ ರಾಸಾಯನಿಕಗಳ ಬಗ್ಗೆ ವಿದೇಶಿ ಖರೀದಿದಾರರ ಪ್ರಶ್ನಾವಳಿಯೇ ಮೊದಲು ಬಂದೀತು.

ಮೊದಲ ಕೆಲಸ ಇಂದೇ ಆಗಬೇಕು, ಖರ್ಚೂ ಇಲ್ಲ: ಅಣಕು ಪ್ರದರ್ಶನದಲ್ಲಿ ಅಸಲಿ ನೊರೆ ಬಿಡುವುದನ್ನು ನಿಲ್ಲಿಸಿ. ಫ್ಲೋರಿನ್ ಇಲ್ಲದ ತರಬೇತಿ ನೊರೆ ಸಿಗುತ್ತದೆ; ಬೆಂಕಿ ಹಚ್ಚದ ಅಭ್ಯಾಸಕ್ಕೆ ನೀರೂ ಸಾಕು.

ಆಮೇಲೆ ಪುಸ್ತಕ ಹಿಡಿದು ಒಂದು ಸುತ್ತು ಬನ್ನಿ. ಫೋಮ್ ಟ್ಯಾಂಕ್, ಸ್ಟೋರಿನ ಡ್ರಮ್ಮು, ಬಾಯ್ಲರ್ ಪಕ್ಕದ 9 ಲೀಟರ್ ನೊರೆ ಸಿಲಿಂಡರ್, ಎಲ್ಲವನ್ನೂ ಬರೆದುಕೊಳ್ಳಿ. ಪೆಟ್ರೋಲ್ ಬಂಕಿನವರಿಗೂ ಈ ಮಾತು ಅನ್ವಯ. ಲೇಬಲ್ಲಿನಲ್ಲಿ ಎಎಫ್‌ಎಫ್‌ಎಫ್, ಎಆರ್-ಎಎಫ್‌ಎಫ್‌ಎಫ್ ಅಥವಾ ಎಫ್‌ಎಫ್‌ಎಫ್‌ಪಿ ಎಂದಿದ್ದರೆ ಫ್ಲೋರಿನ್ ಇದೆ ಎಂದೇ ತಿಳಿಯಿರಿ. ಲೇಬಲ್ ಅಳಿಸಿದ್ದರೆ ಸುರಕ್ಷತಾ ದತ್ತಾಂಶ ಪತ್ರವನ್ನೂ, ಪಿಎಫ್‌ಎಎಸ್ ಬಗ್ಗೆ ಲಿಖಿತ ಉತ್ತರವನ್ನೂ ಸರಬರಾಜುದಾರರಿಂದ ಕೇಳಿ. ಬಾಯಿಮಾತು ಬೇಡ.

ಎಡವುವುದು ಹಳೆಯ ನೊರೆಯಿಂದ ಫ್ಲೋರಿನ್ ಇಲ್ಲದ ನೊರೆಗೆ ಬದಲಾಗುವ ಹಂತದಲ್ಲಿ. ಫ್ಲೋರಿನ್‌ಮುಕ್ತ ನೊರೆದ್ರವಗಳಲ್ಲಿ ಹಲವು ಹಳೆಯದಕ್ಕಿಂತ ಮಂದ, ಜೇನಿನ ಹಾಗೆ ನಿಧಾನವಾಗಿ ಇಳಿಯುತ್ತವೆ. 97 ಲೀಟರ್ ನೀರಿಗೆ 3 ಲೀಟರ್ ದ್ರವ ಬೆರೆಸಬೇಕಾದ ಪ್ರಪೋರ್ಷನರ್ ಇದನ್ನು ಅಷ್ಟೇ ಸರಿಯಾಗಿ ಎಳೆದುಕೊಳ್ಳುತ್ತದೆ ಎನ್ನುವಂತಿಲ್ಲ. ನಾಝಲ್ ಕೂಡ ಬದಲಿಸಬೇಕಾದೀತು. ಸ್ಪಿರಿಟ್, ಸಾಲ್ವೆಂಟ್ ಇರುವಲ್ಲಿ ಆಲ್ಕೋಹಾಲ್ ತಡೆಯುವ ಬಗೆಯೇ ಬೇಕು. ಹಳೆಯದನ್ನೂ ಹೊಸದನ್ನೂ ಬೆರೆಸಬೇಡಿ. ಹೊಸದು ಬಂದು ಪರೀಕ್ಷೆಯಾಗುವ ತನಕ ಹಳೆಯದನ್ನು ಖಾಲಿ ಮಾಡಲೂಬೇಡಿ. ನಡುವೆ ನಿಜವಾಗಿ ಬೆಂಕಿ ಬಿದ್ದರೆ ಕೈಗೆ ಸಿಕ್ಕ ನೊರೆಯನ್ನೇ ಬಳಸಿ, ಜೀವ ಮೊದಲು.

ಖಾಲಿ ಮಾಡಿದ ಟ್ಯಾಂಕು, ಪೈಪಿನ ಒಳಮೈಗೆ ಹಳೆಯದರ ಅಂಶ ಅಂಟಿರುತ್ತದೆ. ಹಲವು ಬಾರಿ ತೊಳೆಯಿರಿ, ತೊಳೆದ ನೀರನ್ನೂ ಡ್ರಮ್ಮಿನಲ್ಲೇ ಹಿಡಿಯಿರಿ. ಆ ಡ್ರಮ್ಮುಗಳನ್ನು ಮುಚ್ಚಳ ಬಿಗಿದು, ದಿನಾಂಕ ಬರೆದು, ಸೂರಿನಡಿ ಇಡಿ. ವಿಲೇವಾರಿಗೆ ಮುನ್ನ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ಬರೆದು, ಅಧಿಕೃತ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಮಾತ್ರ ಕೊಡಿ, ರಸೀದಿ ಜೋಪಾನ ಮಾಡಿ. ಅಗ್ಗಕ್ಕೆ ಒಯ್ಯುತ್ತೇನೆ ಎನ್ನುವ ಟ್ಯಾಂಕರಿನವನ ಕೈಗೆ ಕೊಟ್ಟರೆ ಅದು ರಾತ್ರಿ ಯಾವ ಹಳ್ಳಕ್ಕೆ ಬೀಳುತ್ತದೋ ಹೇಳುವವರಿಲ್ಲ.