ಮಗನನ್ನು ತಳ್ಳಿಕೊಂಡು ಓಡಿದ ತಂದೆ

ದೂರದ ಓಟಗಳಲ್ಲಿ ಮಾರಥಾನ್ ಎಂಬುದು ಬಹು ಪ್ರಸಿದ್ಧವಾದದ್ದು. ಅದರ ದೂರವು 42 ಕಿಲೋಮೀಟರು 195 ಮೀಟರು. ಗಟ್ಟಿಮುಟ್ಟಾದ ಆಳು ನಸುಕಿನಲ್ಲಿ ಹೊರಟು ನಡೆದರೂ ಹಗಲೆಲ್ಲಾ ಬೇಕಾಗುವಷ್ಟು. ಈ ಕಾಲದಲ್ಲಿ ಅನೇಕರು ಬಹುಮಾನಕ್ಕಾಗಿ ಅಲ್ಲ, ಅಂಗವಿಕಲರ ಸಹಾಯಕ್ಕೆ ಹಣ ಕೂಡಿಸಬೇಕೆಂದು ಇಷ್ಟು ದೂರ ಓಡುತ್ತಾರೆ. ಓಟಕ್ಕೂ ಧರ್ಮಕಾರ್ಯಕ್ಕೂ ಸಂಬಂಧವೇನೆಂದು ನಮ್ಮಲ್ಲಿ ಕೆಲವರು ಕೇಳಬಹುದು. ಒಂದು ಕುಟುಂಬದ ವೃತ್ತಾಂತದಿಂದ ಅದನ್ನು ಕಲಿಯೋಣ.

1. ಬಿಟ್ಟುಬಿಡದ ಕೂಸು

1962ರಲ್ಲಿ ಅಮೇರಿಕಾ ದೇಶದ ಮಾಸಚೂಸೆಟ್ಸ್ ಸಂಸ್ಥಾನದಲ್ಲಿ ಡಿಕ್ ಹಾಯ್ಟ್ ಮತ್ತು ಜೂಡಿ ಎಂಬ ದಂಪತಿಗಳಿಗೆ ರಿಕ್ ಎಂಬ ಮಗನು ಹುಟ್ಟಿದನು. ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯು ಕೊರಳಿಗೆ ಸುತ್ತಿಕೊಂಡು ಮೆದುಳಿಗೆ ಪ್ರಾಣವಾಯು ಸಾಲದೆ ಹೋದದ್ದರಿಂದ ಅವನ ಕೈಕಾಲುಗಳು ಸ್ವಾಧೀನಕ್ಕೆ ಬರಲಿಲ್ಲ, ಮಾತೂ ಬರಲಿಲ್ಲ. ಇಂಥ ಕೂಸನ್ನು ಅನಾಥರಂತೆ ಒಂದು ಆಶ್ರಯಾಲಯದಲ್ಲಿ ಬಿಟ್ಟುಬಿಡಿರೆಂದು ವೈದ್ಯರು ಬುದ್ಧಿ ಹೇಳಿದರು. ತಂದೆತಾಯಿಗಳಾದರೋ ಒಪ್ಪಲಿಲ್ಲ. ಕೂಸಿನ ಕಣ್ಣುಗಳು ತಾವು ಹೋದಲ್ಲೆಲ್ಲಾ ತಿರುಗುವದನ್ನು ಅವರು ಕಂಡಿದ್ದರು. ಒಳಗೆ ತಿಳುವಳಿಕೆ ಉಂಟೆಂದು ನಂಬಿ ಅವನಿಗೆ ಅಕ್ಷರ ಕಲಿಸಿದರು.

1972ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಯಂತ್ರತಜ್ಞರು ಅವನಿಗಾಗಿ ಒಂದು ಯಂತ್ರವನ್ನು ಮಾಡಿಕೊಟ್ಟರು. ಅದರಲ್ಲಿ ಅಕ್ಷರಗಳು ಒಂದೊಂದಾಗಿ ಬೆಳಗುವಾಗ ರಿಕ್ಕನು ತಲೆಯಿಂದ ಗುಂಡಿಯನ್ನು ತಾಕಿಸಿ ಬೇಕಾದದ್ದನ್ನು ಆರಿಸಿಕೊಳ್ಳುವನು. ಹೀಗೆ ಮಾತು ಸಿಕ್ಕಿದ ಮೇಲೆ 1975ರಲ್ಲಿ ಸಾರ್ವಜನಿಕ ಶಾಲೆಯ ಬಾಗಲೂ ಅವನಿಗೆ ತೆರೆಯಿತು.

2. ಕೇಳಿಕೊಂಡವನು ಮಗನೇ

1977ರಲ್ಲಿ, ಅಪಘಾತದಿಂದ ಪಾರ್ಶ್ವವಾಯು ಹಿಡಿದ ಒಬ್ಬ ಯುವಕ ಆಟಗಾರನ ಸಹಾಯಾರ್ಥವಾಗಿ 5 ಮೈಲಿನ ಓಟವೊಂದು ನಡೆಯಿತು. ತಾನೂ ಅದರಲ್ಲಿ ಕೂಡಿ ಆ ಯುವಕನಿಗೆ ನೆರವಾಗಬೇಕೆಂದು ರಿಕ್ಕನು ತಂದೆಯನ್ನು ಕೇಳಿಕೊಂಡನು. ತಂದೆಗೆ ದೂರ ಓಡುವ ಅಭ್ಯಾಸವಿರಲಿಲ್ಲ. ಆದರೂ ಮಗನ ಗಾಲಿಕುರ್ಚಿಯನ್ನು ತಳ್ಳಿಕೊಂಡು ಕಡೆಯವರಿಗಿಂತ ಒಂದೇ ಸ್ಥಾನ ಮುಂದಾಗಿ ಮುಗಿಸಿದನು. ಆ ರಾತ್ರಿ ಮಗನು, ಓಡುವಾಗ ನನ್ನ ಅಂಗವಿಕಲತೆಯೇ ಇಲ್ಲದಂತೆ ತೋರುತ್ತದೆ ಎಂಬ ಅರ್ಥದ ಮಾತನ್ನು ಯಂತ್ರದಿಂದ ತಿಳಿಸಿದನು. ತಂದೆಗೆ ಅಷ್ಟೇ ಸಾಕಾಯಿತು.

ಮುಂದೆ ಇವರು ಬಾಸ್ಟನ್ ಪಟ್ಟಣದ ಮಾರಥಾನಿನಲ್ಲಿಯೂ ಓಡಿದರು. 2014ರಲ್ಲಿ ಜೊತೆಯಾಗಿ ಅಲ್ಲಿ ಕಡೆಯ ಓಟವನ್ನು ಮುಗಿಸಿದರು. ಎಲ್ಲಾ ಸೇರಿ 1,000ಕ್ಕೂ ಹೆಚ್ಚು ಪಂದ್ಯಗಳಲ್ಲಿ ಕೂಡಿಕೊಂಡರು. ರಿಕ್ಕನು 1993ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಪದವಿಯನ್ನೂ ಪಡೆದನು. ತಂದೆಯು 2021ರಲ್ಲಿಯೂ ಮಗನು 2023ರಲ್ಲಿಯೂ ತೀರಿಕೊಂಡರು. ಅವರ ಹೆಸರಿನ ಸಂಸ್ಥೆಯು ಅಂಗವಿಕಲರ ಸಹಾಯಕ್ಕಾಗಿ ನಡೆಯುತ್ತದೆ.

3. ಹಣ ಕೂಡುವ ಬಗೆ

ಓಡುವವನು ಮುಂಚಿತವಾಗಿ ಬಂಧುಗಳ ಮತ್ತು ನೆರೆಯವರ ಬಳಿಗೆ ಹೋಗಿ, ನಾನು ಇಂಥ ಸಂಘಕ್ಕಾಗಿ ಓಡುತ್ತೇನೆ, ನಿಮ್ಮಿಂದಾದದ್ದನ್ನು ಕೊಡಿರಿ ಎಂದು ಕೇಳುತ್ತಾನೆ. ಬಂದ ಹಣವು ಆ ಸಂಘಕ್ಕೇ ಸೇರತಕ್ಕದ್ದು. 1981ರಲ್ಲಿ ಆರಂಭವಾದ ಲಂಡನ್ ಮಾರಥಾನಿನ ಓಟಗಾರರು ಹೀಗೆ ನಾನಾ ಧರ್ಮಕಾರ್ಯಗಳಿಗೆ 100 ಕೋಟಿ ಪೌಂಡಿಗಿಂತ ಹೆಚ್ಚು ಕೂಡಿಸಿದ್ದಾರೆ. ಓಡದೆಯೂ ಕೊಡಬಹುದಲ್ಲವೇ? ಹೌದು. ಆದರೆ ಕೇಳುವವನು ತಾನೇ ಬೆವರು ಸುರಿಸುವದನ್ನು ಕಂಡಾಗ ಕೊಡುವವನ ಕೈ ಸಲೀಸಾಗಿ ಮುಂದಾಗುತ್ತದೆ.

4. ನಮಗೆ ಪಾಠ

ಇಲ್ಲಿ ನಾವು ಎಚ್ಚರವಾಗಿರಬೇಕು. ಅಂಗವಿಕಲನ ಹೆಸರಿನಲ್ಲಿ ಹಣವೆತ್ತಿ ಅವನನ್ನು ಮಾತ್ರ ಮೂಲೆಯಲ್ಲಿ ಕೂರಿಸುವದು ಸುಲಭ. ಹಾಯ್ಟನ ಮನೆಯಲ್ಲಿ ಹಾಗಾಗಲಿಲ್ಲ. ಮೊದಲು ಕರುಣೆಪಟ್ಟವನು ಗಾಲಿಕುರ್ಚಿಯಲ್ಲಿದ್ದ ಹುಡುಗನು. ತಂದೆಯು ಅವನಿಗೆ ಕಾಲುಗಳಾದನು. ನಮ್ಮ ಹಳ್ಳಿಗಳಲ್ಲಿಯೂ ನಡೆಯಲಾರದ ಮಕ್ಕಳಿದ್ದಾರೆ. ನೆರೆಯವರು ಏನೆಂದಾರೋ ಎಂಬ ನಾಚಿಕೆಯಿಂದ ಕೆಲವರು ಅವರನ್ನು ಒಳಗೇ ಇಡುತ್ತಾರೆ. ಅವರನ್ನು ಶಾಲೆಗೂ ಸಂತೆಗೂ ಸಭೆಗೂ ಕರೆದುಕೊಂಡು ಹೋಗುವದಕ್ಕೆ 42 ಕಿಲೋಮೀಟರು ಓಡಬೇಕಾದದ್ದಿಲ್ಲ. ಅವರ ಇಷ್ಟವನ್ನು ಕೇಳಿ ತಿಳಿದುಕೊಳ್ಳುವದೇ ಮೊದಲ ಹೆಜ್ಜೆ.

ಮನೆಯವರು ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು: ರಿಕ್ಕನಿಗೆ ಬುದ್ಧಿಯುಂಟೆಂದು ತಂದೆತಾಯಿಗಳು ಯಾವದರಿಂದ ತಿಳಿದರು? ಮೊದಲ ಓಟವು ಯಾರ ಇಷ್ಟದಿಂದ ಆಯಿತು? ನಮ್ಮ ಬೀದಿಯಲ್ಲಿ ಹೊರಗೆ ಬಾರದೆ ಇರುವವರು ಯಾರು, ಈ ವಾರ ಅವರ ಬಳಿಗೆ ಹೋಗುವವರು ಯಾರು?