45ಕ್ಕೆ 32 ಕೂಡಿಸಿದರೆ 4532!

ರಜೆಗೆ ಊರಿಗೆ ಹೋದರೆ ಸಾಕು, ಪಕ್ಕದ ಮನೆ ಆಂಟಿ ಒಂಬತ್ತನೇ ಕ್ಲಾಸಿನ ಮಗನನ್ನು ಕರ್ಕೊಂಡು ಬಂದೇ ಬರ್ತಾರೆ. "ಇವನಿಗೂ ಸ್ವಲ್ಪ ಕೋಡಿಂಗ್ ಹೇಳಿಕೊಡಪ್ಪ." ನಮ್ಮ ಬ್ರಾಂಚ್ ಸಿವಿಲ್ ಆದರೂ ಬಿಡಲ್ಲ! ಹುಡುಗ ಮಾತ್ರ ಮೆಲ್ಲಗೆ ಕೇಳ್ತಾನೆ: "ಅಣ್ಣ, ನಂದು ಕನ್ನಡ ಮೀಡಿಯಂ. ನಂಗೆ ಬರುತ್ತಾ?"

ಬರುತ್ತೆ. ಪೈಥಾನ್ ಭಾಷೆಯಲ್ಲಿ ಕೀವರ್ಡ್‌ಗಳು ಇರೋದೇ 35. ಮೊದಲ ಆಟ ಬರೆಯೋಕೆ ಐದಾರು ಸಾಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೂ 'ಸ್ಟ್ರಿಂಗ್' ಅಂದರೆ ದಾರ, 'ಫ್ಲೋಟ್' ಅಂದರೆ ತೇಲು ಅಂತ ಗೊತ್ತಿದ್ದದ್ದು ಏನೂ ಉಪಯೋಗಕ್ಕೆ ಬರಲಿಲ್ಲ. ಅಲ್ಲದೆ ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು. 'ಒಟ್ಟು' ಅಂತ ಬರೆದು ಅದಕ್ಕೆ ಸೊನ್ನೆ ಕೊಟ್ಟರೆ ಕಂಪ್ಯೂಟರ್ ತಕರಾರು ಮಾಡಲ್ಲ. ಇದನ್ನು ಮೊದಲ ದಿನವೇ ತೋರಿಸಿ.

ಲ್ಯಾಪ್‌ಟಾಪ್ ಇಲ್ಲ ಅಂದರೆ ಆಂಡ್ರಾಯ್ಡ್ ಫೋನಿಗೆ ಪೈಡ್ರಾಯ್ಡ್ 3 ಹಾಕಿಕೊಡಿ, ಕೋಡ್ ಓಡಿಸಲು ಇಂಟರ್ನೆಟ್ ಬೇಕಿಲ್ಲ.

ಈಗ ಮೊದಲ ಪಾಠ. ಇಬ್ಬರು ಬ್ಯಾಟ್ಸ್‌ಮನ್‌ಗಳ ರನ್ ಕೇಳಿ ಕೂಡಿಸುವ ಪ್ರೋಗ್ರಾಂ. 'ಇನ್‌ಪುಟ್' ಎರಡು ಸಲ, ನಡುವೆ ಪ್ಲಸ್, ಆಮೇಲೆ 'ಪ್ರಿಂಟ್'. ಹುಡುಗ 45 ಮತ್ತು 32 ಕೊಡ್ತಾನೆ, ಉತ್ತರ 4532! ಇಲ್ಲಿ ಅವಸರ ಮಾಡ್ಬೇಡಿ, ಅವನು ನಗಲಿ. ಆಮೇಲೆ ಕೇಳಿ: ಅಮ್ಮನ ಮೊಬೈಲ್ ನಂಬರಿಗೆ ಅಪ್ಪನ ಮೊಬೈಲ್ ನಂಬರ್ ಯಾರಾದರೂ ಕೂಡಿಸ್ತಾರಾ? ಇಲ್ಲ. ಅದು ನೋಡೋಕೆ ಸಂಖ್ಯೆ, ಕೆಲಸದಲ್ಲಿ ಹೆಸರು. 'ಇನ್‌ಪುಟ್' ಕೀಬೋರ್ಡಿನಿಂದ ಬಂದದ್ದನ್ನೆಲ್ಲ ಹೀಗೇ ಅಕ್ಷರಗಳ ಸಾಲು ಅಂತ ಇಟ್ಕೊಳ್ಳುತ್ತೆ. ಅದಕ್ಕೇ ಸ್ಟ್ರಿಂಗ್ ಅನ್ನೋದು. ಪ್ಲಸ್ ಎರಡು ಸಾಲುಗಳನ್ನು ಅಂಟಿಸಿತು, ಅಷ್ಟೇ. ಲೆಕ್ಕ ಬೇಕು ಅಂದರೆ 'ಇಂಟ್' ಒಳಗೆ ಹಾಕಿ ಸಂಖ್ಯೆ ಮಾಡ್ಬೇಕು, ಆಗ 77 ಬರುತ್ತೆ. ಮಜಾ ಏನಂದರೆ, ಹುಡುಗ ೪೫ ಅಂತ ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದರೂ 'ಇಂಟ್' ಅದನ್ನು 45 ಅಂತಲೇ ಓದುತ್ತೆ.

ಎರರ್ ಬಂದಾಗ ಕೆಂಪು ಸಾಲುಗಳನ್ನು ನೋಡಿ ಹೆದರ್ತಾನೆ. ಕೊನೆಯ ಸಾಲನ್ನು ಮೊದಲು ಓದಿಸಿ, ವಿಷಯ ಇರೋದು ಅಲ್ಲೇ. 'ನೇಮ್ ಎರರ್' ಅಂದರೆ ಬಹುತೇಕ ಸ್ಪೆಲ್ಲಿಂಗ್ ತಪ್ಪಿರುತ್ತೆ. ತಪ್ಪು ನಮಗೆ ಕಂಡರೂ ಕೀಬೋರ್ಡ್ ಕಿತ್ಕೊಳ್ಳಬಾರದು. ಕಷ್ಟ ಇದೆ, ಕೈ ತುರಿಸುತ್ತೆ.

ಮೂರ್ನಾಲ್ಕು ದಿನದ ಮೇಲೆ ಹ್ಯಾಂಡ್ ಕ್ರಿಕೆಟ್ ಬರೆಸಿ. ಆಟದ ನಿಯಮ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು, ಮೊದಲು ಅದನ್ನು ಕನ್ನಡದಲ್ಲಿ ಹಾಳೆ ಮೇಲೆ ಬರೀಲಿ. ನಾನು ಒಂದು ನಂಬರ್ ಕೊಡ್ತೀನಿ. ಕಂಪ್ಯೂಟರ್ 1ರಿಂದ 6ರೊಳಗೆ ಒಂದು ಆರಿಸುತ್ತೆ. ಎರಡೂ ಒಂದೇ ಆದರೆ ಔಟ್. ಇಲ್ಲದಿದ್ದರೆ ನನ್ನ ನಂಬರ್ ಒಟ್ಟಿಗೆ ಸೇರುತ್ತೆ, ಮತ್ತೆ ಮೊದಲಿನಿಂದ. ಈ ಸಾಲುಗಳ ಪಕ್ಕದಲ್ಲೇ ಕೋಡ್ ಬರೆಸಿ. 'ಮತ್ತೆ ಮೊದಲಿನಿಂದ' ಅನ್ನೋದು 'ವೈಲ್', 'ಆದರೆ' ಅನ್ನೋದು 'ಇಫ್', ಔಟ್ ಆದಾಗ 'ಬ್ರೇಕ್'. ಕಂಪ್ಯೂಟರಿನ ನಂಬರಿಗೆ 'ರಾಂಡಮ್' ಮಾಡ್ಯೂಲಿನ 'ರಾಂಡ್‌ಇಂಟ್' ಇದೆ. ಎಲ್ಲ ಸೇರಿ ಹತ್ತು ಸಾಲು.

ಆಟ ಓಡಿದ ಸ್ವಲ್ಪ ಹೊತ್ತಿಗೆ ಅವನ ಗೆಳೆಯ ಯಾರೋ 100 ಅಂತ ಟೈಪ್ ಮಾಡ್ತಾನೆ. ಒಂದೇ ಬಾಲಿಗೆ ಸೆಂಚುರಿ, ಔಟ್ ಆಗೋ ಭಯವೂ ಇಲ್ಲ! "ಅಣ್ಣ, ಇದು ಮೋಸ" ಅಂತ ಓಡಿ ಬರ್ತಾನೆ. "ಹಂಗಾದ್ರೆ ಯಾವ ಯಾವ ನಂಬರ್ ಬಿಡಬಾರದು?" ಅಂತ ಕೇಳಿ, ಫೋನ್ ಅವನ ಕೈಯಲ್ಲೇ ಬಿಡಿ.