ಡ್ಯಾಶ್‌ಬೋರ್ಡ್ ಆಮೇಲೆ, ಮೊದಲು ಯಾರ್ಡಿಗೆ ಹೋಗು

ನಗರಾಡಳಿತದ ಬಜೆಟ್ ವಿಭಾಗದಲ್ಲಿ ನಿನಗೆ ಕೆಲಸ ಸಿಕ್ಕಿದ್ದು ಬಹಳ ಸಂತೋಷ, ಮಗು. ಸಿಹಿ ತರೋದು ಬಿಟ್ಟು ಲ್ಯಾಪ್‌ಟಾಪ್ ತಂದೆ, ಅದೂ ಸರಿಯೇ. ಇಡೀ ಟೊರಾಂಟೊವನ್ನು ಒಂದೇ ಪರದೆ ಮೇಲೆ ಕೆಂಪು, ಹಳದಿ, ಹಸಿರು ಮಾಡಿ ತೋರಿಸ್ತೀನಿ, ಹಸಿರಿಗೆ ದುಡ್ಡು, ಕೆಂಪಿಗೆ ಕತ್ತರಿ ಅಂದೆಯಲ್ಲ! ಆಫೀಸಿನಲ್ಲಿ ಊಟದ ಡಬ್ಬಿ ಎಲ್ಲಿಡಬೇಕು ಅಂತ ಇನ್ನೂ ಗೊತ್ತಾಗಿಲ್ಲ, ಆಗಲೇ ಕತ್ತರಿ ಕೈಗೆ ಬಂತು.

ನಿಮ್ಮ ನಗರದ್ದೇ ಒಂದು ಕಥೆ ಹೇಳ್ತೀನಿ, ಕೇಳು. ರಸ್ತೆ ಬದಿ ಮರಗಳ ಕೊಂಬೆ ಸವರೋಕೆ ಅಲ್ಲಿ ತಂಡಗಳಿವೆ. ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಕೆಲಸ ಮಾಡಿದೆವು ಅಂತ ಅವರು ದಿನಾ ಲಾಗ್ ಶೀಟ್ ಬರೆದು ಕೊಡಬೇಕಿತ್ತು. 2019ರಲ್ಲಿ ನಗರದ ಆಡಿಟರ್ ಜನರಲ್ ಬೆವರ್ಲಿ ರೊಮಿಯೊ-ಬೀಲರ್ ಆ ಶೀಟುಗಳ ಪಕ್ಕ ಟ್ರಕ್ಕುಗಳ ಜಿಪಿಎಸ್ ದಾಖಲೆ ಇಟ್ಟು ನೋಡಿದರು. ಶೀಟಿನ ಪ್ರಕಾರ ತಂಡ ಮರದ ಬುಡದಲ್ಲಿದ್ದ ಹೊತ್ತಿಗೆ ಟ್ರಕ್ಕು ನಿಂತಿದ್ದು ಕಾಫಿ ಅಂಗಡಿ ಮುಂದೆ, ಪ್ಲಾಜಾದ ಪಾರ್ಕಿಂಗಿನಲ್ಲಿ! ವರ್ಷಕ್ಕೆ ಸುಮಾರು 26 ಲಕ್ಷ ಡಾಲರಿನಷ್ಟು ದುಡಿಮೆ ಸೋರಿಹೋಗ್ತಿದೆ ಅಂತ ಅಂದಾಜು ಕಟ್ಟಿದರು. ಎರಡು ವರ್ಷ ಬಿಟ್ಟು, 2021ರಲ್ಲಿ, ಅದೇ ಕಚೇರಿ ಮತ್ತೆ ಅದೇ ವಿಷಯದ ಬೆನ್ನು ಹತ್ತಬೇಕಾಯಿತು.

ಆ ಲಾಗ್ ಶೀಟುಗಳನ್ನು ನಿನ್ನ ಪರದೆಗೆ ತುಂಬಿದ್ದರೆ ಏನಾಗ್ತಿತ್ತು? ಎಲ್ಲಾ ಹಸಿರೋ ಹಸಿರು. ಕಾಫಿ ಕುಡಿದವರಿಗೇ ಮುಂದಿನ ವರ್ಷ ಹೆಚ್ಚು ದುಡ್ಡು ಕೊಟ್ಟು ಬೆನ್ನು ತಟ್ಟುತ್ತಿದ್ದೆ. ಯಾವ ಅಂಕಿ ಬಂದರೂ ಮೊದಲು ಕೇಳು: ಇದನ್ನು ಬರೆದವರು ಯಾರು? ಹೆಚ್ಚು ಬರೆದರೆ ಅವರಿಗೇನು ಲಾಭ? ಬೇರೆ ಯಾವ ದಾಖಲೆ ಜೊತೆ ಇದನ್ನು ತಾಳೆ ನೋಡಬಹುದು?

ನಮ್ಮ ಕಡೆಯೇನೂ ಕಡಿಮೆ ಇಲ್ಲ ಬಿಡು. ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ವಿಧಾನಸೌಧದ ಮೇಲೆ ಕೆತ್ತಿಟ್ಟವರು ನಾವು; ದೇವರ ದರ್ಶನಕ್ಕೆ ಸಾಲು ನಿಲ್ಲಿಸೋದೂ ನಾವೇ. ಆದರೆ 2012ರಲ್ಲಿ ರಾಜ್ಯದುದ್ದಕ್ಕೂ ‘ಸಕಾಲ’ ಶುರುವಾದಾಗ ನನಗೆ ನಿಜಕ್ಕೂ ಖುಷಿಯಾಯಿತು. ಜಾತಿ ಪ್ರಮಾಣಪತ್ರವೋ ಖಾತೆಯೋ, ಇಂತಿಷ್ಟು ದಿನದಲ್ಲಿ ಕೊಡಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ದುಡ್ಡು ಚಿಲ್ಲರೆಯೇ. ಆದರೂ ತಾರೀಖು ಬರೆದ ಸ್ವೀಕೃತಿ ಚೀಟಿ ಕೈಯಲ್ಲಿದ್ದರೆ ಹಳ್ಳಿಯವನೂ ಗುಮಾಸ್ತರ ಮುಂದೆ ನೆಟ್ಟಗೆ ನಿಂತು ಮಾತಾಡಬಹುದು. ಅಲ್ಲೂ ಒಂದು ಸಂದು ಉಂಟು. ಗಡುವಿಗೆ ಮುಂಚೆ ಅರ್ಜಿ ತಿರಸ್ಕರಿಸಿದರೂ ಲೆಕ್ಕಕ್ಕೆ ಅದು ವಿಲೇವಾರಿಯೇ. ನಿಮ್ಮ ನಗರದ 311 ಸಹಾಯವಾಣಿಯಲ್ಲೂ ಅಷ್ಟೇ, ದೂರು ‘ಕ್ಲೋಸ್’ ಆಯಿತು ಅಂದಮಾತ್ರಕ್ಕೆ ರಸ್ತೆಯ ಗುಂಡಿ ಮುಚ್ಚಿತು ಅಂತಲ್ಲ. ಯುಗಾದಿ ಊಟಕ್ಕೆ ಎಷ್ಟು ಎಲೆ ಹಾಕಿದಿರಿ ಅಂತ ಕೇಳಿದರೆ ಸಾಲದು, ಎಷ್ಟು ಜನ ಉಂಡು ಎದ್ದರು ಅಂತ ಕೇಳಬೇಕು.

ಇನ್ನು ನಿನ್ನ ಕತ್ತರಿ ವಿಚಾರ. ಮಾರ್ಚ್ ಬಂತೆಂದರೆ ನಮ್ಮ ಇಲಾಖೆಗಳಲ್ಲಿ ಬಿಲ್ಲುಗಳ ಜಾತ್ರೆ, ನಿನಗೆ ಗೊತ್ತು. ನಿಮ್ಮ ಒಂಟಾರಿಯೊ ಪ್ರಾಂತ್ಯದ ಲೆಕ್ಕದ ವರ್ಷವೂ ಮಾರ್ಚ್ 31ಕ್ಕೇ ಮುಗಿಯುತ್ತೆ. ನಿಮ್ಮ ನಗರದ್ದು ಡಿಸೆಂಬರಿಗೆ. ತಿಂಗಳು ಬೇರೆಯಾದರೂ ಮನುಷ್ಯರು ಅವರೇ. ಈ ವರ್ಷ ಮಿಗಿಸಿದವನಿಗೆ ಮುಂದಿನ ವರ್ಷ ಕಡಿತ ಮಾಡಿ ನೋಡು, ಆಮೇಲೆ ಯಾವ ಮ್ಯಾನೇಜರೂ ಒಂದು ಕಾಸು ಮಿಗಿಸೋಲ್ಲ. ಬೇಕಿರಲಿ ಬೇಡವಾಗಿರಲಿ, ಕುರ್ಚಿ ಕೊಳ್ತಾನೆ. ಮಿಗಿಸಿದ್ದರಲ್ಲಿ ಒಂದು ಪಾಲು ಅವನ ವಿಭಾಗಕ್ಕೇ ಉಳಿಯಲಿ ಅಂತ ಬರೆ. ನಿನ್ನ ಮೇಲಿನವರು ಮುಖ ಸಿಂಡರಿಸಬಹುದು, ಸಿಂಡರಿಸಲಿ.

ಮತ್ತೆ ಕೆಂಪಾದವರೆಲ್ಲಾ ಸೋಮಾರಿಗಳಲ್ಲ. ಒಬ್ಬರು ರಜೆ ಹೋಗಿ, ಇನ್ನೊಬ್ಬರು ನಿವೃತ್ತರಾಗಿ, ಮೂವರ ಕೆಲಸ ಒಬ್ಬಳ ಹೆಗಲಿಗೆ ಬಿದ್ದಿರಬಹುದು. ಅಲ್ಲಿಗೆ ಕತ್ತರಿ ಹಾಕಿದರೆ ಗಾಯದ ಮೇಲೆ ಬರೆ ಎಳೆದಂತೆ. ಹಾಗಂತ ಕೇಳಿದವರಿಗೆಲ್ಲಾ ಕೊಡೋಕೂ ಆಗೋಲ್ಲ. ನಗರ ತನ್ನ ದಿನನಿತ್ಯದ ಖರ್ಚಿಗೆ ಕೊರತೆ ಬಜೆಟ್ ಮಂಡಿಸೋ ಹಾಗಿಲ್ಲ, ಕಾನೂನು ಒಪ್ಪೋಲ್ಲ. ಒಂದು ಕಡೆ ಕೊಡಬೇಕಾದರೆ ಇನ್ನೊಂದು ಕಡೆ ಎಳೆಯಬೇಕು, ಇಲ್ಲ ಮನೆಯವರ ತೆರಿಗೆ ಏರಿಸಬೇಕು. 2024ರಲ್ಲಿ ಶೇ. 9.5 ಏರಿದಾಗ ನಿನ್ನ ಚಿಕ್ಕಪ್ಪ ಎಷ್ಟು ಕೂಗಾಡಿದ ಅಂತ ಮರೆತೆಯಾ? ಅವನ ಆ ದುಡ್ಡಿಗೆ ಜವಾಬು ಹೇಳಬೇಕಾದವಳು ಈಗ ನೀನು.

ಹಾಗಾಗಿ ಮೊದಲು ಕೆಲಸ ನಡೆಯೋ ಯಾರ್ಡಿಗೆ ಹೋಗು. ಬೆಳಿಗ್ಗೆ ಬೇಗ, ಲಾರಿಗಳು ಹೊರಡೋ ಮುಂಚೆ. ಲ್ಯಾಪ್‌ಟಾಪ್ ಬೇಡ. ಹೋದ ಕೂಡಲೇ ಲಾಗ್ ಶೀಟ್ ಎಲ್ಲಿ ಅಂತ ಕೇಳಬೇಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲಾ ಕಡೆ ಇರ್ತಾರೆ, ಎಚ್ಚೆತ್ತುಕೊಳ್ತಾರೆ. ಯಾವ ಯಂತ್ರ ಕೆಟ್ಟಿದೆ, ಯಾವ ಫಾರಂ ಎರಡೆರಡು ಸಲ ತುಂಬಿಸ್ತಾರೆ ಅಂತ ಕೇಳು. ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡ್ತಿರೋ ಫೋರ್‌ಮನ್ ಒಬ್ಬ ಇರ್ತಾನೆ, ಅವನ ಪಕ್ಕ ಲಾರಿ ಹತ್ತಿ ಕೂತ್ಕೋ. ನಿನ್ನ ಆ ಬಿಳಿ ಶೂ ಮಾತ್ರ ಮನೇಲೇ ಬಿಟ್ಟು ಹೋಗು, ಅಲ್ಲಿ ಹಿಮ ಕರಗಿಸೋಕೆ ಹಾಕೋ ಉಪ್ಪಿನ ಕೆಸರು.